ಪರಾಗ್ವೆ: ಬಿಷಪರು ರಾಷ್ಟ್ರಾಧ್ಯಕ್ಷರಾದಾಗ

ಧರ್ಮಗುರುಗಳು ರಾಜಕೀಯಕ್ಕೆ ಇಳಿಯಬಹುದೇ? ಚುನಾವಣೆ ಬಂದಾಗಲೆಲ್ಲ ನಮ್ಮ ಚರ್ಚ್ ಅಂಗಳಗಳಲ್ಲೂ ಈ ಪ್ರಶ್ನೆ ಕೇಳಿಬರುತ್ತದೆ. ಉತ್ತರ ಹುಡುಕುವವರು ದಕ್ಷಿಣ ಅಮೆರಿಕದ ಪರಾಗ್ವೆಯ ಕಡೆಗೊಮ್ಮೆ ನೋಡಬೇಕು. ಅಲ್ಲಿ ಬಿಷಪರಾಗಿದ್ದವರೊಬ್ಬರು ರಾಷ್ಟ್ರಾಧ್ಯಕ್ಷರೇ ಆದರು. ನಾಲ್ಕು ವರ್ಷ ತುಂಬುವ ಮೊದಲೇ ಪದಚ್ಯುತರೂ ಆದರು.

ಪರಾಗ್ವೆಯ ಜನರಲ್ಲಿ ಬಹುಪಾಲು ಕಥೋಲಿಕರು. 1954ರಿಂದ 1989ರವರೆಗೆ ಅಲ್ಲಿ ಜನರಲ್ ಸ್ಟ್ರೋಸ್ನರ್ ಅವರ ಸರ್ವಾಧಿಕಾರವಿತ್ತು. ನಂತರ 1992ರಲ್ಲಿ ಬಂದ ಸಂವಿಧಾನದಂತೆ ಜನರು ಅಧ್ಯಕ್ಷರನ್ನು ನೇರವಾಗಿ ಐದು ವರ್ಷಕ್ಕೆ ಆರಿಸುತ್ತಾರೆ. ಒಂದೇ ಸುತ್ತಿನ ಮತದಾನ. ಹೆಚ್ಚು ಮತ ಪಡೆದವರು ಗೆದ್ದಂತೆ. ಎರಡನೇ ಅವಧಿ ಇಲ್ಲ. ಸಂಸತ್ತಿನಲ್ಲಿ 80 ಮಂದಿಯ ಕೆಳಮನೆ, 45 ಮಂದಿಯ ಸೆನೆಟ್. ಕೆಳಮನೆಯ ಮೂರನೇ ಎರಡರಷ್ಟು ಸದಸ್ಯರು ದೋಷಾರೋಪ ಹೊರಿಸಿ, ಸೆನೆಟ್‌ನ ಮೂರನೇ ಎರಡರಷ್ಟು ಸದಸ್ಯರು ಒಪ್ಪಿದರೆ ಅಧ್ಯಕ್ಷರು ಮನೆಗೆ ಹೋಗಬೇಕು. 'ಕರ್ತವ್ಯ ಸರಿಯಾಗಿ ನಿರ್ವಹಿಸಿಲ್ಲ' ಎಂಬ ಆರೋಪವೇ ಅದಕ್ಕೆ ಸಾಕು.

ಅಧಿಕೃತ ಧರ್ಮ ಇಲ್ಲ ಎನ್ನುವ ಈ ಸಂವಿಧಾನ, ದೇಶದ ಇತಿಹಾಸದಲ್ಲಿ ಧರ್ಮಸಭೆಯ ಪಾತ್ರವನ್ನು ಗೌರವದಿಂದ ನೆನೆಯುತ್ತದೆ. ಆದರೆ ಯಾವುದೇ ಧರ್ಮದ ಯಾಜಕರು ಅಧ್ಯಕ್ಷರಾಗಬಾರದು ಎಂದೂ ಅದರ 235ನೇ ವಿಧಿ ಹೇಳುತ್ತದೆ.

ಫರ್ನಾಂಡೊ ಲೂಗೊ 1994ರಿಂದ 2005ರವರೆಗೆ ಸಾನ್ ಪೆದ್ರೊ ಎಂಬ ಬಡ ಧರ್ಮಪ್ರಾಂತ್ಯದ ಬಿಷಪರು. ಭೂಮಿಯಿಲ್ಲದ ರೈತರ ಪರ ನಿಂತು 'ಬಡವರ ಬಿಷಪ್' ಎನಿಸಿಕೊಂಡವರು. ಯಾಜಕತ್ವದಿಂದ ಬಿಡುಗಡೆ ಬೇಕೆಂದು 2006ರ ಡಿಸೆಂಬರಿನಲ್ಲಿ ಅವರು ಕೇಳಿಕೊಂಡಾಗ ವ್ಯಾಟಿಕನ್ ಒಪ್ಪಲಿಲ್ಲ. 2007ರಲ್ಲಿ ಅವರನ್ನು ಯಾಜಕ ಸೇವೆಯಿಂದ ಅಮಾನತು ಮಾಡಿತು. ಆದರೂ 2008ರ ಏಪ್ರಿಲ್ 20ರಂದು ಸುಮಾರು 41 ಶೇಕಡಾ ಮತ ಪಡೆದು ಗೆದ್ದರು. ಕೊಲರಾಡೊ ಪಕ್ಷದ 61 ವರ್ಷಗಳ ಆಳ್ವಿಕೆ ಮುಗಿಯಿತು. ಜುಲೈಯಲ್ಲಿ ಪೋಪ್ 16ನೇ ಬೆನೆಡಿಕ್ಟ್ ಅವರನ್ನು ಯಾಜಕ ಸ್ಥಾನದಿಂದ ಬಿಡುಗಡೆಗೊಳಿಸಿದರು. ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರ ಹಬ್ಬದ ದಿನ, ಆಗಸ್ಟ್ 15ರಂದು, ಆ ಹಬ್ಬದ ಹೆಸರನ್ನೇ ಹೊತ್ತ ರಾಜಧಾನಿ ಅಸುನ್ಸಿಯೊನ್‌ನಲ್ಲಿ ಪ್ರಮಾಣವಚನ ಸ್ವೀಕರಿಸಿದರು.

ಮರುವರ್ಷವೇ ಮೊದಲ ಪೆಟ್ಟು. ಯಾಜಕ ಸ್ಥಾನದಲ್ಲಿದ್ದಾಗಲೇ ಒಂದು ಮಗುವಿನ ತಂದೆಯಾಗಿದ್ದುದನ್ನು ಅವರು ಒಪ್ಪಿಕೊಳ್ಳಬೇಕಾಯಿತು. ಭೂಸುಧಾರಣೆಯೂ ಮುಂದೆ ಸಾಗಲಿಲ್ಲ, ಏಕೆಂದರೆ ಸಂಸತ್ತಿನಲ್ಲಿ ಅವರ ಸ್ವಂತ ಬೆಂಬಲಿಗರು ಬೆರಳೆಣಿಕೆಯಷ್ಟು. ಮಿತ್ರರಾದ ಲಿಬರಲ್ ಪಕ್ಷದವರ ಮೇಲೆಯೇ ಎಲ್ಲವೂ ನಿಂತಿತ್ತು. 2012ರ ಜೂನ್ 15ರಂದು ಕುರುಗ್ವಾಟಿಯಲ್ಲಿ ಜಮೀನು ತೆರವಿನ ವೇಳೆ 11 ರೈತರು, 6 ಪೊಲೀಸರು ಸತ್ತರು. ಲಿಬರಲರೂ ಕೈಬಿಟ್ಟರು. ರಕ್ತಪಾತ ತಪ್ಪಿಸಲು ರಾಜೀನಾಮೆ ಕೊಡಿ ಎಂದು ದೇಶದ ಬಿಷಪರೇ ಅವರನ್ನು ಕೇಳಿಕೊಂಡರು. ಜೂನ್ 21ರಂದು ದೋಷಾರೋಪ, 22ರಂದು 39–4 ಮತಗಳಿಂದ ಪದಚ್ಯುತಿ. ವಾದ ಮಂಡಿಸಲು ಸಿಕ್ಕಿದ್ದು ಎರಡೇ ಗಂಟೆ. ನೆರೆಯ ದೇಶಗಳು ಇದನ್ನು ಖಂಡಿಸಿ ಪರಾಗ್ವೆಯನ್ನು ಮೆರ್ಕೊಸುರ್ ಒಕ್ಕೂಟದಿಂದ ಅಮಾನತುಗೊಳಿಸಿದವು. 2013ರ ಚುನಾವಣೆಯಲ್ಲಿ ಕೊಲರಾಡೊ ಪಕ್ಷ ಮರಳಿತು; 2018 ಮತ್ತು 2023ರಲ್ಲೂ ಗೆದ್ದಿತು.

ಸಂವಿಧಾನದ ಅಕ್ಷರ ಪಾಲನೆಯಾಯಿತು, ನ್ಯಾಯ ಸಿಕ್ಕಿತೇ ಎಂಬುದು ಬೇರೆ ಮಾತು. ಆದರೆ ನಮಗಿರುವ ಪಾಠ ಇನ್ನೊಂದು. ಪೀಠದ ಮೇಲಿನ ಗೌರವ ಮತವಾಗಬಹುದು, ಸಂಸತ್ತಿನ ಬಹುಮತವಾಗದು. ಯಾಜಕರು ಸರ್ಕಾರಿ ಅಧಿಕಾರ ಹಿಡಿಯಬಾರದು ಎನ್ನುವ ಧರ್ಮಸಭೆಯ ಕಾನೂನು ಸಂಹಿತೆಯ 285ನೇ ವಿಧಿ ಬಡವರಿಗೆ ಬೆನ್ನು ತಿರುಗಿಸಲು ಹೇಳಿದ್ದಲ್ಲ. ಕುರಿಗಾಹಿ ಒಂದು ಪಕ್ಷದವನಾದರೆ ಉಳಿದ ಮಂದೆಯನ್ನು ಕಾಯುವವರು ಯಾರು? ರಾಜಕೀಯದ ಕ್ಷೇತ್ರ ಶ್ರೀಸಾಮಾನ್ಯರದು. ಸಾನ್ ಪೆದ್ರೊದ ರೈತರಿಗೆ ಬೇಕಿದ್ದುದು ಒಬ್ಬ ಬಿಷಪ್ ಅಧ್ಯಕ್ಷರಷ್ಟೇ ಅಲ್ಲ, ಸಂಸತ್ತಿನಲ್ಲಿ ಅವರ ಪರ ಕೈಯೆತ್ತುವ ಹತ್ತಾರು ಶ್ರೀಸಾಮಾನ್ಯರು. ಅಂಥವರನ್ನು ಬೆಳೆಸುವ ಕೆಲಸ ನಮ್ಮ ಧರ್ಮಕೇಂದ್ರಗಳಲ್ಲಿ ನಡೆಯುತ್ತಿದೆಯೇ?