ಮಾತನಾಡುವ ಫೋನು, ಮೂಕ ನೋಟೀಸು

ನಮ್ಮ ಮನೆಗೆ ಕಾಗದ ಬಂದರೆ ಓದುವವರು ಯಾರೂ ಇರಲಿಲ್ಲ. ಸೊಸೈಟಿಯಿಂದ ಸಾಲದ ನೋಟೀಸು ಬಂದರೆ ಅಪ್ಪ ಅದನ್ನು ಹಿಡಿದುಕೊಂಡು ಓಣಿಯ ಕೊನೆಯ ಕಿರಾಣಿ ಅಂಗಡಿಗೆ ಹೋಗುತ್ತಿದ್ದರು. ಅಂಗಡಿಯವರು ಒಳ್ಳೆಯವರು, ಬೇಸರವಿಲ್ಲದೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಆ ಗಟ್ಟಿತನವೇ ಪೇಚಾಟಕ್ಕೆ ಕಾರಣವಾಗುತ್ತಿತ್ತು. ಬೇಳೆ, ಬೆಲ್ಲ ಕೊಳ್ಳಲು ಬಂದವರಿಗೆಲ್ಲ ನಮ್ಮ ಸಾಲದ ಮೊತ್ತ ತಿಳಿದುಹೋಗುತ್ತಿತ್ತು. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಅಂಥದೊಂದು ಕಾಗದವನ್ನು ಮೊದಲ ಬಾರಿಗೆ ಮನೆಯಲ್ಲೇ ಓದಿದೆ. ಅಂದು ಅವ್ವ ಎದ್ದುಹೋಗಿ ಬಾಗಿಲು ಹಾಕಿ ಬಂದು ಕುಳಿತಳು.

ಮಿತ್ರರು ನಗಬಾರದು. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮನೆಯ ಪುರಾಣವೇಕೆಂದು ಕೇಳಬಹುದು. ನನ್ನ ತರಗತಿಯಲ್ಲಿ ಹುಟ್ಟಿನಿಂದ ಕಣ್ಣು ಕಾಣದ ಮಿತ್ರನೊಬ್ಬನಿದ್ದಾನೆ. ಅವನ ಫೋನಿನ ವಿಚಾರ ಯೋಚಿಸಿದಾಗಲೆಲ್ಲ ನನಗೆ ಅಂದು ಅವ್ವ ಹಾಕಿದ ಆ ಬಾಗಿಲು ನೆನಪಾಗುತ್ತದೆ.

ಮೊದಲನೆಯ ವರ್ಷ ಬೆಂಚಿನಲ್ಲಿ ಅವನ ಪಕ್ಕಕ್ಕೆ ಕುಳಿತಾಗ ಅವನ ಫೋನು ಕೆಟ್ಟಿದೆಯೆಂದೇ ತಿಳಿದಿದ್ದೆ. ಪರದೆ ಪೂರ್ತಿ ಕಪ್ಪು. ಒಳಗಿನಿಂದ ಮಾತ್ರ ಹುರಿಗಡಲೆ ಸಿಡಿದಂತೆ ಚಟಪಟ ಸದ್ದು. ಅದು ಕನ್ನಡವೆಂದು ತಿಳಿಯಲು ನನಗೆ ಎರಡು ದಿನ ಹಿಡಿಯಿತು. ‘ಇಷ್ಟು ಅವಸರವೇಕೆ?’ ಎಂದರೆ, ‘ನೀನು ಪೇಪರಿನ ಮೇಲೆ ಕಣ್ಣು ಓಡಿಸುವುದಿಲ್ಲವೆ? ನಾನು ಕಿವಿ ಓಡಿಸುತ್ತೇನೆ’ ಎಂದ. ಪರದೆ ಕಪ್ಪಾಗಿದ್ದುದು ಅವನೇ ಮಾಡಿಕೊಂಡ ಏರ್ಪಾಡು. ತನಗೆ ಬೇಡದ ಬೆಳಕಿಗೆ ಬ್ಯಾಟರಿ ಏಕೆ ಖರ್ಚು ಮಾಡಬೇಕು? ಅಲ್ಲದೆ ಬಸ್ಸಿನಲ್ಲಿ ಪಕ್ಕದವರು ಇಣುಕಿ ನೋಡುವ ಭಯವೂ ಇಲ್ಲ.

ಹೀಗೆ ಪರದೆಯ ಮೇಲಿನದನ್ನು ಓದಿ ಹೇಳುವ ಸಾಧನಕ್ಕೆ ಸ್ಕ್ರೀನ್ ರೀಡರ್ ಎನ್ನುತ್ತಾರೆ. ಬೆರಳಿಟ್ಟಲ್ಲಿ ಏನಿದೆಯೆಂದು ಅದು ಹೇಳುತ್ತದೆ. ಬಲಕ್ಕೆ ಸವರಿದರೆ ಮುಂದಿನದಕ್ಕೆ ಹೋಗುತ್ತದೆ. ಎರಡು ಸಲ ತಟ್ಟಿದರೆ ತೆರೆಯುತ್ತದೆ. ಹಿಂದೆ ನೋಕಿಯಾ ಫೋನುಗಳ ಕಾಲದಲ್ಲಿ ಟಾಕ್ಸ್, ಮೊಬೈಲ್ ಸ್ಪೀಕ್ ಎಂಬುವನ್ನು ಬೇರೆಯಾಗಿ ಹಣ ಕೊಟ್ಟು ಕೊಳ್ಳಬೇಕಾಗಿತ್ತಂತೆ. 2009ರಲ್ಲಿ ಈ ಸ್ಥಿತಿ ಬದಲಾಯಿತು. ಆ ವರ್ಷ ಐಫೋನಿನಲ್ಲಿ ವಾಯ್ಸ್‌ಓವರ್, ಆಂಡ್ರಾಯ್ಡಿನಲ್ಲಿ ಟಾಕ್‌ಬ್ಯಾಕ್ ಫೋನಿನೊಳಗೇ ಬಂದವು, ಬೇರೆ ಬೆಲೆಯಿಲ್ಲ. ಬಲ್ಲವರು ಈ ಎರಡರಲ್ಲಿ ವಾಯ್ಸ್‌ಓವರನ್ನು ಹೊಗಳುತ್ತಾರೆ. 2022ರಿಂದ ಅದಕ್ಕೆ ಕನ್ನಡದ ಧ್ವನಿಯೂ ಬಂದಿದೆ. ಆದರೆ ಆ ಫೋನಿನ ಬೆಲೆಗೆ ನಮ್ಮೂರ ಸಂತೆಯಲ್ಲಿ ಒಂದು ಎಮ್ಮೆ ಬರುತ್ತದೆ! ಆದುದರಿಂದ ನಮ್ಮಂಥವರಿಗೆ ಟಾಕ್‌ಬ್ಯಾಕೇ ಗತಿ, ಮತ್ತು ಅದು ಕೆಟ್ಟ ಗತಿಯೇನೂ ಅಲ್ಲ. ಚೀನದ ಜಿಯೇಶುವೋ ಎಂಬ ಮತ್ತೊಂದನ್ನು ಬಳಸುವವರೂ ಇದ್ದಾರೆ. ನನ್ನ ಮಿತ್ರ ಅದಕ್ಕೆ ಒಪ್ಪುವುದಿಲ್ಲ. ಸ್ಕ್ರೀನ್ ರೀಡರ್ ಎಂದಮೇಲೆ ಬ್ಯಾಂಕಿನ ಲೆಕ್ಕ, ತಂಗಿಯ ಪತ್ರ ಎಲ್ಲವೂ ಅದರ ಕಣ್ಣಿಗೆ ಬೀಳುತ್ತವೆ. ಮನೆಯ ಬೀಗದ ಕೈಯನ್ನು ಯಾರ ಕೈಗೆ ಕೊಡುತ್ತೇವೆಂದು ನೋಡಬೇಡವೆ ಎಂಬುದು ಅವನ ವಾದ.

ಇನ್ನು ಧ್ವನಿಯ ಮಾತು. ಗೂಗಲ್ಲಿನ ಕನ್ನಡ ಧ್ವನಿ ಮನುಷ್ಯರ ಧ್ವನಿಯಂತೆಯೇ ಇದೆ. ಕತೆ ಕೇಳಲು ಹಿತ. ಇ-ಸ್ಪೀಕ್ ಎಂಬುದರ ಕನ್ನಡ ತಗಡು ಬಡಿದಂತಿದೆ. ಆದರೂ ಪರೀಕ್ಷೆ ಹತ್ತಿರವಾದಾಗ ಅವನು ಆ ತಗಡನ್ನೇ ಆರಿಸಿಕೊಳ್ಳುತ್ತಾನೆ. ಎಷ್ಟು ವೇಗವಾಗಿ ಓಡಿಸಿದರೂ ಅಕ್ಷರ ನುಂಗುವುದಿಲ್ಲವಂತೆ. ನನಗೆ ಅದು ಐದು ನಿಮಿಷಕ್ಕೆ ತಲೆನೋವು ತರಿಸಿತು.

ಇಷ್ಟೆಲ್ಲ ಇರುವಾಗ ಕೊರತೆಯೇನು ಎಂದು ಕೇಳುವಿರಿ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಕಳೆದ ವರ್ಷ ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ ದಾಟಿ ಅವನು ದಂಡ ತೆತ್ತ. ಫಲಕದ ಮೇಲೆ ನೋಟೀಸಿತ್ತು. ಅದರ ಪಟ ತೆಗೆದು ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ ಜಾಣ ಪ್ರತಿನಿಧಿ ನಾನೇ. ಅವನ ಫೋನು ಅದನ್ನು ‘ಫೋಟೋ’ ಎಂದಿತು, ಅಷ್ಟೆ. ನಮ್ಮ ಗುಂಪಿಗೆ ದಿನಕ್ಕೆ ಇಪ್ಪತ್ತು ಫೋಟೋ ಬರುತ್ತವೆ. ಅವುಗಳಲ್ಲಿ ಹದಿನೆಂಟು ಶುಭೋದಯದ ಹೂಗಳು. ಯಾವುದು ಹೂವು, ಯಾವುದು ದಂಡ ಎಂದು ಅವನು ಹೇಗೆ ತಿಳಿಯಬೇಕು?

ಪಟದಲ್ಲಿನ ಅಕ್ಷರಗಳನ್ನು ಹೆಕ್ಕಿ ಓದುವ ಉಪಾಯಗಳು ಬಂದಿವೆಯಲ್ಲ ಎನ್ನುವವರುಂಟು. ಬಂದಿವೆ, ನಿಜ. ಓರೆಯಾಗಿ ತೆಗೆದ, ಮೊಹರು ಬಿದ್ದ, ಅರ್ಧ ನೆರಳಿನ ಕನ್ನಡ ನೋಟೀಸಿನ ಮುಂದೆ ಅವು ತಡವರಿಸುವುದನ್ನು ನಾನು ನೋಡಿದ್ದೇನೆ. ‘3’ ಎಂಬುದು ‘8’ ಆದರೆ ದಂಡ ಕಟ್ಟುವವನು ಅವನೇ.

ಈ ನೋಟೀಸು ಹುಟ್ಟುವ ಬಗೆಯನ್ನು ನೋಡಿದರೆ ನಗು ಬರುತ್ತದೆ. ಕಚೇರಿಯಲ್ಲಿ ಕಂಪ್ಯೂಟರಿನಲ್ಲಿ ಅಕ್ಷರ ಅಕ್ಷರವಾಗಿ ಟೈಪು ಮಾಡುತ್ತಾರೆ. ಆಮೇಲೆ ಅಚ್ಚು ತೆಗೆದು, ರುಜು ಹಾಕಿಸಿ, ಮೊಹರು ಒತ್ತಿ, ಫಲಕಕ್ಕೆ ಅಂಟಿಸುತ್ತಾರೆ. ಆಮೇಲೆ ನನ್ನಂಥವನು ಅದರ ಪಟ ತೆಗೆಯುತ್ತಾನೆ. ಮೊದಲು ಟೈಪು ಮಾಡಿದ ನಾಲ್ಕು ಸಾಲನ್ನೇ ಕಳುಹಿಸಿದ್ದರೆ ಆಗುತ್ತಿತ್ತು!

ಅದೂ ಯೂನಿಕೋಡಿನಲ್ಲಿ ಇರಬೇಕು. ಇದನ್ನು ತುಸು ಬಿಡಿಸಿ ಹೇಳಬೇಕಾಗಿದೆ, ಏಕೆಂದರೆ ನಮ್ಮ ಗುರುಗಳಲ್ಲಿ ಹಲವರು ಹಳೆಯ ನುಡಿ ಅಕ್ಷರಗಳಲ್ಲಿ ಟಿಪ್ಪಣಿ ಸಿದ್ಧಪಡಿಸುತ್ತಾರೆ. ಆ ಹಳೆಯ ಪದ್ಧತಿಯಲ್ಲಿ ಕನ್ನಡವೆಂಬುದು ಮುಖವಾಡ ಮಾತ್ರ. ಒಳಗಿರುವವು ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ. ಅವುಗಳ ಮೇಲೆ ಕನ್ನಡದ ಆಕಾರ ಹೊದಿಸಿರುತ್ತಾರೆ. ಕಣ್ಣಿಗೆ ಆಕಾರ ಸಾಕು. ಫೋನು ಆಕಾರ ನೋಡುವುದಿಲ್ಲ, ಒಳಗಿನದನ್ನು ಓದುತ್ತದೆ. ಹಾಗಾಗಿ ಬಸವಣ್ಣನವರ ಸಾಮಾಜಿಕ ಚಿಂತನೆಯ ಮೇಲಿನ ಹದಿನಾರು ಪುಟದ ಒಳ್ಳೆಯ ಟಿಪ್ಪಣಿ ಅವನ ಕಿವಿಯಲ್ಲಿ ಭೂತ ಬಡಿದವನ ಬಡಬಡಿಕೆಯಾಯಿತು. ಯೂನಿಕೋಡಿನಲ್ಲಾದರೋ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ. 1991ರ ಮೊದಲ ಆವೃತ್ತಿಯಲ್ಲಿಯೇ ನಮ್ಮ ಲಿಪಿಗೆ ಸ್ಥಾನ ದೊರೆತಿದೆ. ನುಡಿಯ ಈಚಿನ ಆವೃತ್ತಿಗಳಲ್ಲಿಯೂ ಯೂನಿಕೋಡ್ ಉಂಟು. ಕೀಲಿಮಣೆ ಹೊಸದಾಗಿ ಕಲಿಯಬೇಕಾಗಿಲ್ಲ. ಹಳೆಯ ಬರಹವನ್ನು ಪರಿವರ್ತಿಸುವ ಸಾಧನಗಳೂ ಇವೆ. ವಿದ್ಯಾರ್ಥಿ ಮಿತ್ರರೂ ಹಿಗ್ಗಬೇಕಾಗಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ನಾವು ಗೀಚುವ ಕನ್ನಡವನ್ನು ಆ ಯಂತ್ರ ಓದುವ ಪರಿಯನ್ನು ಒಮ್ಮೆ ಕೇಳಿ ನೋಡಿರಿ.

ಒಬ್ಬನಿಗಾಗಿ ಎಲ್ಲರೂ ಬದಲಾಗಬೇಕೆ ಎಂದು ಸಹಪಾಠಿಯೊಬ್ಬ ನನ್ನನ್ನು ಕೇಳಿದ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೆಯ ಕಲಮನ್ನು ತೋರಿಸಿ ಅವನ ಬಾಯಿ ಮುಚ್ಚಿಸಬಹುದಾಗಿತ್ತು. ಮಾಹಿತಿಯೆಲ್ಲ ಇಂಥವರಿಗೂ ಎಟಕುವ ರೂಪದಲ್ಲಿರುವಂತೆ ನೋಡಿಕೊಳ್ಳುವ ಹೊಣೆ ಸರ್ಕಾರದ್ದೆಂದು ಅಲ್ಲಿದೆ. ನಮ್ಮದು ಸರ್ಕಾರಿ ಕಾಲೇಜು. ಆದರೆ ಕಲಮು ತೋರಿಸಿದರೆ ವಾದ ಗೆಲ್ಲುತ್ತದೆ, ಮನಸ್ಸು ತಿರುಗುವುದಿಲ್ಲ. ‘ಅವನಿಗೇನು, ಯಾರಾದರೂ ಓದಿ ಹೇಳುತ್ತೇವಲ್ಲ’ ಎಂದ ಆ ಸಹಪಾಠಿ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ನಮ್ಮ ಕಿರಾಣಿ ಅಂಗಡಿಯವರದೂ ಒಳ್ಳೆಯ ಮನಸ್ಸೇ.

ಇನ್ನು ಕೆಲವರು ಸಂಗೀತ ಕಲಿಯೆಂದು ಅವನಿಗೆ ಉಪದೇಶಿಸುತ್ತಾರೆ. ಗದುಗಿನ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧರಾಗಿದ್ದು ನಾಡಿಗೆ ದೊಡ್ಡವರಾದರು. ವೀರೇಶ್ವರ ಪುಣ್ಯಾಶ್ರಮದ ನೆನಪಿಗೆ ಕೈ ಮುಗಿಯದವರಾರು? ಆದರೆ ನನ್ನ ಮಿತ್ರನಿಗೆ ಶ್ರುತಿಯೇ ಹಿಡಿಯದು. ಅವನಿಗೆ ಬೇಕಾದುದು ಅರ್ಥಶಾಸ್ತ್ರದ ಎಂ.ಎ. ಪಾಪ, ಹಾಡಲು ಬಾರದ ಅಂಧನಿಗೆ ನಮ್ಮ ಊಹೆಯಲ್ಲಿ ಜಾಗವೇ ಇಲ್ಲ.

ನನ್ನ ಬೇಡಿಕೆ ಚಿಕ್ಕದು. ಫಲಕದ ನೋಟೀಸು ಫಲಕದಲ್ಲಿರಲಿ. ಅದರ ಸಾಲುಗಳು ಯೂನಿಕೋಡಿನಲ್ಲಿ ನಮ್ಮ ಗುಂಪಿಗೂ ಬರಲಿ. ಟಿಪ್ಪಣಿಗಳಿಗೂ ಅದೇ ನಿಯಮವಾಗಲಿ. ದಂಡದ ದಿನದಿಂದ ಈಚೆಗೆ ನಾನು ಪಟದ ಕೆಳಗೆ ಸಾರಾಂಶವನ್ನು ಟೈಪು ಮಾಡಿ ಹಾಕುತ್ತಿದ್ದೇನೆ. ಮೂರು ನಿಮಿಷವೂ ಹಿಡಿಯುವುದಿಲ್ಲ. ಆದರೆ ಬರುವ ವರ್ಷ ನಾನಿರುವುದಿಲ್ಲ. ಅವನ ಹಿಂದೆ ಮೊದಲನೆಯ ವರ್ಷದಲ್ಲಿ ಕಣ್ಣು ಕಾಣದ ವಿದ್ಯಾರ್ಥಿನಿಯೊಬ್ಬಳು ಸೇರಿದ್ದಾಳೆ.

ಈ ಲೇಖನವನ್ನು ಸಂಪಾದಕರಿಗೆ ಕೊಡುವ ಮೊದಲು ಅವನ ಫೋನಿಗೆ ಕಳುಹಿಸಿದೆ. ಕಿವಿಗೆ ತಂತಿ ಸಿಕ್ಕಿಸಿಕೊಂಡು ಕಾಲೇಜಿನ ಕಟ್ಟೆಯ ಮೇಲೆ ಕುಳಿತು ಕೇಳಿದ. ನನ್ನ ಫೋನು ನಿನಗೆ ಹುರಿಗಡಲೆಯಂತೆ ಕೇಳಿಸಿತೆ ಎಂದು ನಕ್ಕ. ಆಮೇಲೆ, ಎಮ್ಮೆಯ ಮಾತು ತೆಗೆದುಬಿಡು, ಗುರುಗಳು ಓದುತ್ತಾರೆ ಎಂದ. ನಾನು ತೆಗೆದಿಲ್ಲ.