ಶಿರಾದಲ್ಲಿ ಕಾಫಿ ಕುಡಿದು ಹೋಗುವ ಕನ್ನಡಿಗರೇ!

ಬೆಂಗಳೂರಿನ ಕನ್ನಡದ ಹುಡುಗರೇ, ನಿಮ್ಮನ್ನು ಒಂದು ಮಾತು ಕೇಳಬೇಕಾಗಿದೆ. ಸಿಟ್ಟು ಬಂದರೆ ಬರಲಿ, ಆದರೆ ಪೂರ್ತಿ ಓದಿದ ಮೇಲೆ ಬರಲಿ.

ಕಳೆದ ರಾಜ್ಯೋತ್ಸವದ ಹಿಂದಿನ ದಿನ ಶಿರಾದಲ್ಲಿರುವ ನನ್ನ ಪ್ರೆಸ್ಸಿನ ಮುಂದೆ ಎರಡು ಗಾಡಿ ಬಂದು ನಿಂತವು. ಎರಡಕ್ಕೂ ಹಳದಿ ಕೆಂಪು ಬಾವುಟ. ಇಳಿದವರು ಹತ್ತು ಹನ್ನೆರಡು ಹುಡುಗರು, ಎಲ್ಲರ ಕೊರಳಲ್ಲೂ ಶಾಲು. ದಾವಣಗೆರೆಯ ಕಡೆ ಮೆರವಣಿಗೆಗೆ ಹೊರಟವರು. ಗಾಳಿಗೆ ಬ್ಯಾನರ್ ಹರಿದುಹೋಗಿತ್ತು, ಅರ್ಜೆಂಟಾಗಿ ಇನ್ನೊಂದು ಫ್ಲೆಕ್ಸ್ ಬೇಕಾಗಿತ್ತು. ಮೊಬೈಲಿನಲ್ಲಿ ತಂದಿದ್ದ ಮ್ಯಾಟರಿನಲ್ಲಿ 'ರಾಜ್ಯೊತ್ಸವ' ಎಂದಿತ್ತು. ದೀರ್ಘ ಹಾಕಿ ಸರಿ ಮಾಡಿದೆ, ಯಾರೂ ಗಮನಿಸಲಿಲ್ಲ. ಅವರಲ್ಲೊಬ್ಬ ಕೇಳಿದ: "ಅಣ್ಣಾ, ಪ್ರಿಂಟ್ ಆಗೋವರೆಗೆ ಈ ಊರಲ್ಲಿ ನೋಡೋಕೆ ಏನಾದ್ರೂ ಇದೆಯಾ?" ನಾನು ಬಾಯಿ ತೆರೆಯುವಷ್ಟರಲ್ಲಿ ಅವನ ಗೆಳೆಯನೇ ಉತ್ತರ ಕೊಟ್ಟ: "ಶಿರಾದಲ್ಲಿ ಏನಿರುತ್ತೆ ಮಗಾ? ಟೋಲು, ಹೋಟ್ಲು ಅಷ್ಟೇ."

ಎಲ್ಲರೂ ನಕ್ಕರು. ಗಿರಾಕಿ ನಕ್ಕಾಗ ಅಂಗಡಿಯವನೂ ನಗಬೇಕು, ನಾನೂ ನಕ್ಕೆ. ಆ ನಗು ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಂಡಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತಮ್ಮಂದಿರೇ, ನೀವು ನಿಂತಿದ್ದ ಜಾಗದಿಂದ ಮಲಿಕ್ ರಿಹಾನನ ಗೋರಿಗೆ ನಡೆದೇ ಹೋಗಬಹುದಿತ್ತು. 1651ರಲ್ಲಿ ಕಟ್ಟಿದ್ದು. ಇನ್ನಷ್ಟು ನಡೆದಿದ್ದರೆ 1696ರ ಜುಮ್ಮಾ ಮಸೀದಿ. ಈ ಊರನ್ನು ಕಟ್ಟಲು ಹೊರಟವನು ರತ್ನಗಿರಿಯ ಪಾಳೆಯಗಾರ ರಂಗಪ್ಪ ನಾಯಕ. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಬಂದು ಹಿಡಿದ. 1687ರಲ್ಲಿ ಮೊಗಲರು ಬಂದರು, ಶಿರಾವನ್ನು ಒಂದು ಸುಬಾದ ರಾಜಧಾನಿ ಮಾಡಿದರು. ರಾಜಧಾನಿ ಎಂದರೆ ಏನು ಗೊತ್ತಾ? ದೂರ ದೂರದ ಪಾಳೆಯಗಾರರು ಈ ಊರಿಗೆ ಪೊಗದಿ ಕಟ್ಟಬೇಕಿತ್ತು.

ಇನ್ನೂ ಒಂದು ಹೇಳುತ್ತೇನೆ, ಬೆಂಗಳೂರಿನವರಿಗೆ ತಟ್ಟುವಂಥದ್ದು. ಜನವರಿಯಲ್ಲಿ, ಆಗಸ್ಟಿನಲ್ಲಿ ಫಲಪುಷ್ಪ ಪ್ರದರ್ಶನ ನೋಡಲು ಲಾಲ್‌ಬಾಗಿನಲ್ಲಿ ಕ್ಯೂ ನಿಲ್ಲುತ್ತೀರಲ್ಲ, ಹೈದರಾಲಿಗೆ ಅಂಥ ತೋಟದ ಆಸೆ ಹುಟ್ಟಿಸಿದ್ದು ಶಿರಾದ ಖಾನ್ ಬಾಗ್ ಎಂದು ಬಿ.ಎಲ್. ರೈಸ್ ತನ್ನ ಗ್ಯಾಸೆಟಿಯರಿನಲ್ಲಿ ಬರೆದಿದ್ದಾನೆ. ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗೂ ಇಲ್ಲಿನ ದಿಲಾವರ್ ಖಾನನ ಅರಮನೆಯೇ ಮಾದರಿಯಂತೆ. 1761ರಲ್ಲಿ ಹೈದರ್ 'ಶಿರಾದ ನವಾಬ' ಎನ್ನಿಸಿಕೊಂಡ. ಟಿಪ್ಪುವಿನ ಕಾಲದಲ್ಲಿ ಇಲ್ಲಿಂದ 12,000 ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿ ಶ್ರೀರಂಗಪಟ್ಟಣದ ಗಂಜಾಮಿಗೆ ಸಾಗಿಸಿದರು ಎನ್ನುವುದೂ ರೈಸನ ಪುಸ್ತಕದಲ್ಲೇ ಇದೆ. ಒಂದು ಊರನ್ನು ಹೀಗೆ ಬರಿದು ಮಾಡಿದ ಮೇಲೆ, ಉಳಿದದ್ದರ ಪಕ್ಕ ನಿಂತು 'ಇಲ್ಲಿ ಏನಿರುತ್ತೆ ಮಗಾ' ಎನ್ನುತ್ತೀರಿ!

ಇಷ್ಟು ಹೇಳಿದ ಕೂಡಲೇ ಕೆಲವರು ಮೂಗು ಮುರಿಯುತ್ತಾರೆ. 'ಇದು ಮೊಗಲರ ಚರಿತ್ರೆ, ನಮ್ಮದಲ್ಲ' ಅನ್ನುತ್ತಾರೆ. ಸ್ವಾಮಿ, ಕಲ್ಲು ನಮ್ಮ ಬೆಟ್ಟದ್ದು. ತೆರಿಗೆಯಾಗಿ ಹೋದ ರಾಗಿ ನಮ್ಮ ಹೊಲದ್ದು. ಗುಳೆ ಹೋದ ಜನ ನಮ್ಮವರು. ಇದು ನಮ್ಮ ಚರಿತ್ರೆ ಅಲ್ಲದಿದ್ದರೆ ಮತ್ತೆ ಯಾರದ್ದು?

ನಾನು ಮದಲೂರಿನವನು. ಮದಲೂರು ಎಂದರೆ ನಿಮಗೆ ನೆನಪಾಗುವುದು ಟಿ.ವಿ. 2020ರ ಶಿರಾ ಉಪಚುನಾವಣೆಯಲ್ಲಿ ನಮ್ಮ ಕೆರೆಗೆ ಹೇಮಾವತಿ ನೀರು ತುಂಬಿಸುತ್ತೇವೆ ಎಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರೇ ಬಂದು ಮಾತು ಕೊಟ್ಟರು. ಅಲ್ಲಿಯವರೆಗೆ ಯಾರಿಗೂ ಬೇಡದ ನಮ್ಮೂರು ಹದಿನೈದು ದಿನ ಇಡೀ ರಾಜ್ಯದ ಬಾಯಲ್ಲಿತ್ತು. ಹೇಮಾವತಿ, ಹೇಮಾವತಿ, ಹೇಮಾವತಿ! ಆಗ ನನಗೊಂದು ಕಿಚ್ಚು ಹತ್ತಿತು. ಹಾಸನದ ಕಡೆಯಿಂದ ಬರುವ ಹೇಮಾವತಿ ಎಲ್ಲರಿಗೂ ಗೊತ್ತು. ನಮ್ಮ ಶಿರಾ ತಾಲ್ಲೂಕಿನ ಗಡಿಯಾಚೆ ಕೂತಿರುವ ಇನ್ನೊಂದು ಹೇಮಾವತಿ ಎಷ್ಟು ಮಂದಿಗೆ ಗೊತ್ತು?

ಅದು ಊರು. ಹಳೆಯ ಹೆಸರು ಹೆಂಜೇರು. ಒಂಬತ್ತು, ಹತ್ತನೆಯ ಶತಮಾನದಲ್ಲಿ ನೊಳಂಬರ ರಾಜಧಾನಿ. ನೊಳಂಬವಾಡಿ 32,000 ಎಂದು ಶಾಸನಗಳು ಕರೆಯುವ ನಾಡನ್ನು ಆಳಿದವರು ಕೂತಿದ್ದ ಜಾಗ. ಗಂಗರ ಮಾರಸಿಂಹ ಇವರನ್ನು ಬಗ್ಗುಬಡಿದು 'ನೊಳಂಬಕುಲಾಂತಕ' ಎಂದು ಬಿರುದು ಹಾಕಿಕೊಂಡ. ಒಬ್ಬನನ್ನು ಸೋಲಿಸಿದ್ದೇ ಬಿರುದಾಗಬೇಕಾದರೆ ಸೋತವನು ಎಂಥವನಿರಬೇಕು ಲೆಕ್ಕ ಹಾಕಿ. ಅವರ ಹೆಸರು ಅಳಿದಿಲ್ಲ. ನಮ್ಮ ಜಿಲ್ಲೆಯ 'ನೊಣಬ' ಎಂಬ ಹೆಸರಿನ ಬೇರು ಅದೇ.

ಆ ಊರು ಈಗ ಆಂಧ್ರದಲ್ಲಿದೆ. ಮಡಕಶಿರಾ ಸೀಮೆ, ಅಮರಾಪುರಂ ಮಂಡಲ. ಮದರಾಸು ಪ್ರಾಂತ್ಯದ ಅನಂತಪುರ ಜಿಲ್ಲೆಯಲ್ಲಿತ್ತು, 1953ರಲ್ಲಿ ಆಂಧ್ರ ರಾಜ್ಯವಾದಾಗ ಜಿಲ್ಲೆಯ ಜೊತೆಗೇ ಆ ಕಡೆ ಹೋಯಿತು. ಶಿರಾ ಕಟ್ಟಿದ ರಂಗಪ್ಪ ನಾಯಕನ ರತ್ನಗಿರಿಯೂ ಗಡಿಯಾಚೆಯೇ ಉಳಿಯಿತು. ಗಡಿ ಎಂದರೆ ಬೆಳಗಾವಿ, ಕಾಸರಗೋಡು ಎರಡೇ ಎಂದುಕೊಂಡಿರುವವರು ಈ ಕಡೆಗೂ ಒಂದು ಸಲ ತಿರುಗಿ ನೋಡಿ.

ಹೋಗಿ ಬನ್ನಿ ಅಲ್ಲಿಗೆ. ದೊಡ್ಡೇಶ್ವರ ಗುಡಿಯ ಮುಂದಿನ ಬಸವನ ಪಕ್ಕ ನಿಲ್ಲಿ. ಕಿಟಕಿಯ ಜಾಲಂಧ್ರದಲ್ಲಿ ಕಲ್ಲನ್ನು ಹೇಗೆ ಕೊರೆದಿದ್ದಾರೆ ನೋಡಿ. ಸಿದ್ಧೇಶ್ವರ ಗುಡಿಯಲ್ಲಿ ಶಿವ ಲಿಂಗವಾಗಿಲ್ಲ, ಮನುಷ್ಯನ ಆಕಾರದಲ್ಲಿ ಕೂತಿದ್ದಾನೆ. ಇಲ್ಲಿನ ನುಣುಪಾದ ಕರಿಕಲ್ಲಿನ ಕಂಬಗಳು ಚೆನ್ನೈನ ಮ್ಯೂಸಿಯಂ ಸೇರಿವೆ. ಗುಡಿಯ ಹತ್ತಿರದ ಅಂಗಡಿಯಲ್ಲಿ ನೀರು ಕೇಳಿ ನೋಡಿ. ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಉತ್ತರ ಬರುತ್ತದೆ. ನಾನು ಹೋದಾಗ ಅಂಗಡಿಯ ಅಜ್ಜಿ "ಯಾವೂರಪ್ಪ ನಿಂದು, ಮದ್ಲೂರಾ? ನಮ್ಮ ಚಿಕ್ಕಮ್ಮನ್ನ ಅಲ್ಲಿಗೇ ಕೊಟ್ಟಿರೋದು" ಎಂದಿತು. ಸರ್ಕಾರದ ನಕ್ಷೆಗೆ ಆ ಚಿಕ್ಕಮ್ಮ ಗೊತ್ತಿಲ್ಲ.

ಇದಕ್ಕೆ ತಿರುಗುಮುರುಗಾಗಿ ಪಾವಗಡ ಇದೆ. ಪಾವಗಡ ನಮ್ಮದು, ಮೂರು ಕಡೆ ಆಂಧ್ರ. ಬಸ್ ಸ್ಟ್ಯಾಂಡಿನಲ್ಲಿ ತೆಲುಗು ಕಿವಿಗೆ ಬಿದ್ದೊಡನೆ ನಮ್ಮ ಕೆಲವು ಕಟ್ಟಾಳುಗಳು ಹುಬ್ಬು ಗಂಟಿಕ್ಕುತ್ತಾರೆ. ಬೇಡಿ! ಮನೆಯಲ್ಲಿ ತೆಲುಗು ಆಡಿ, ಶಾಲೆಯಲ್ಲಿ ಕನ್ನಡ ಓದುವ ಮಕ್ಕಳ ಊರು ಅದು. ಅವರ ಮೇಲೆ ದಬಾಯಿಸುವ ಬದಲು ನಿಡುಗಲ್ಲು ದುರ್ಗ ಹತ್ತಿ. ಹೊಯ್ಸಳರನ್ನು ಕಾಡಿದ ಇರುಂಗೋಳರು ಅಲ್ಲಿದ್ದವರು. ಪಾವಗಡಕ್ಕೆ ಈಗ ನೀವು ಹೋಗುವುದು ಶನಿದೇವರ ಗುಡಿಗೆ, ಇಲ್ಲವೇ ತಿರುಮಣಿಯ ಸೋಲಾರ್ ಪಾರ್ಕಿಗೆ. 13,000 ಎಕರೆ, 2,050 ಮೆಗಾವ್ಯಾಟ್, ನೋಡಬೇಕಾದ್ದೇ. ಆದರೆ ಆ ಗಾಜಿನ ಹಲಗೆಗಳ ನಡುವೆ ನಿಂತು ಫೋಟೋ ತೆಗೆಸಿಕೊಂಡವರಲ್ಲಿ ನಿಡುಗಲ್ಲಿನ ಹೆಸರು ಕೇಳಿದವರು ಎಷ್ಟು?

ಮಧುಗಿರಿಯ ಮಾತು ಬೇರೆ. ಅಲ್ಲಿಗೆ ನೀವು ಬರುತ್ತೀರಿ, ಶನಿವಾರ ಭಾನುವಾರ ಸಾಲುಗಟ್ಟಿ ಬರುತ್ತೀರಿ. ಏಕಶಿಲಾ ಬೆಟ್ಟ ಹತ್ತುತ್ತೀರಿ. ಕಬ್ಬಿಣದ ಕಂಬಿ ಹಿಡಿದು, ಉಸಿರು ಬಿಡುತ್ತಾ ಮೇಲೆ ಹೋಗಿ, ಸೆಲ್ಫಿ ಹೊಡೆದು, ಚಿಪ್ಸಿನ ಕವರು ಬಿಸಾಕಿ ಇಳಿಯುತ್ತೀರಿ. ಆ ಕೋಟೆಯಲ್ಲಿ ಒಬ್ಬ ಕನ್ನಡದ ರಾಣಿ ನಾಲ್ಕು ವರ್ಷ ಸೆರೆಯಲ್ಲಿ ಕೊಳೆತಳು ಎಂಬುದು ನಿಮಗೆ ಗೊತ್ತೇ?

ಕೆಳದಿಯ ವೀರಮ್ಮಾಜಿ. 1763ರಲ್ಲಿ ಹೈದರಾಲಿ ಬಿದನೂರು ಹಿಡಿದ. ಆ ಐಶ್ವರ್ಯವೇ ಮುಂದೆ ಅವನ ದಂಡಿಗೆ ಬಲವಾಯಿತು. ರಾಣಿಯನ್ನು, ಅವಳ ಮಗನನ್ನು ಹಿಡಿದು ತಂದು ಇಟ್ಟಿದ್ದು ಈ ಬೆಟ್ಟದಲ್ಲಿ. ಮಲೆನಾಡಿನ ಮಳೆಯಲ್ಲಿ, ಅಡಿಕೆ ತೋಟದ ನೆರಳಲ್ಲಿ ಬದುಕಿದವಳು. ಮರವೇ ಇಲ್ಲದ ಈ ಬೋಳು ಬಂಡೆಯ ಮೇಲೆ ಬೇಸಿಗೆಯಲ್ಲಿ ಅಂಗಾಲು ಹೇಗೆ ಸುಡುತ್ತದೆ ಎಂಬುದು ಹತ್ತಿದ ನಿಮಗೇ ಗೊತ್ತು. 1767ರಲ್ಲಿ ಪೇಶ್ವೆ ಮಾಧವರಾಯ ಮಧುಗಿರಿ ಗೆದ್ದಾಗ ಅವಳಿಗೆ ಬಿಡುಗಡೆಯಾಯಿತು. ಪುಣೆಯ ದಾರಿ ಹಿಡಿದಳು, ದಾರಿಯಲ್ಲೇ ತೀರಿಕೊಂಡಳು. ಚೆನ್ನಮ್ಮ, ಓಬವ್ವನ ಚಿತ್ರವನ್ನು ಪ್ರತಿ ನವೆಂಬರಿನಲ್ಲೂ ನನ್ನ ಹತ್ತಿರ ಅಚ್ಚು ಹಾಕಿಸುತ್ತೀರಿ, ಸಂತೋಷ. ಇಪ್ಪತ್ತು ವರ್ಷದಲ್ಲಿ ಒಬ್ಬನಾದರೂ ಬಂದು ವೀರಮ್ಮಾಜಿಯ ಹೆಸರಿನಲ್ಲಿ ಒಂದು ಕರಪತ್ರ ಮಾಡಿಕೊಡಿ ಎಂದು ಕೇಳಿಲ್ಲ. ಅವಳು ಸೋತಳು, ಅದೇ ತಪ್ಪೋ ಏನೋ.

'ಇದನ್ನೆಲ್ಲ ಎಲ್ಲಿ ಓದುವುದು?' ಎಂದು ಕೇಳುತ್ತೀರಿ. ಸರಿಯಾದ ಪ್ರಶ್ನೆ. ನನ್ನ ನಿಜವಾದ ಜಗಳ ಶುರುವಾಗುವುದೂ ಇಲ್ಲೇ.

ನಮ್ಮ ಜಿಲ್ಲೆಯ ಶಾಸನಗಳನ್ನೆಲ್ಲ ಸೇರಿಸಿ ರೈಸ್ ಒಂದು ಸಂಪುಟ ತಂದ, ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡನೆಯದು, 1904ರಲ್ಲಿ. ಬೆಂಗಳೂರಿನಲ್ಲೇ ಹುಟ್ಟಿದ ಇಂಗ್ಲಿಷಿನವನು. ನಮ್ಮ ಹೊಲದ ಬದುವಿನಲ್ಲಿ ಬಿದ್ದಿದ್ದ ಕಲ್ಲಿನ ಕನ್ನಡಕ್ಕೆ ಅವನು ಬೆಲೆ ಕಟ್ಟಿದ. ಆಮೇಲೆ ಹಯವದನ ರಾಯರ ಮೈಸೂರು ಗ್ಯಾಸೆಟಿಯರ್ ಬಂತು, ಇಂಗ್ಲಿಷಿನಲ್ಲಿ. ನೊಳಂಬರ ಮೇಲೆ ಎಂ.ಎಸ್. ಕೃಷ್ಣಮೂರ್ತಿಯವರ ಸಂಶೋಧನೆ 1980ರಲ್ಲಿ ಬಂತು, ಅದೂ ಇಂಗ್ಲಿಷಿನಲ್ಲಿ. ಹೇಮಾವತಿಯ ಗುಡಿಗಳ ಮೇಲೆ ಆಂಡ್ರ್ಯೂ ಕೋಹೆನ್ ಎಂಬ ವಿದೇಶಿ ವಿದ್ವಾಂಸ 1998ರಲ್ಲಿ ಪುಸ್ತಕ ಬರೆದ. ಪಿಯುಸಿ ಓದಿದ ನಾನು ನಿಘಂಟು ಪಕ್ಕದಲ್ಲಿಟ್ಟುಕೊಂಡು, ಒಂದು ಪುಟಕ್ಕೆ ಅರ್ಧ ಗಂಟೆಯಂತೆ ಇವುಗಳಲ್ಲಿ ಒಂದಿಷ್ಟು ಓದಿದ್ದೇನೆ. ನನ್ನೂರಿನ ಕಥೆಯನ್ನು ನನಗೆ ನಾನೇ ಅನುವಾದ ಮಾಡಿಕೊಳ್ಳಬೇಕಾದ ಗತಿ!

ಹಾಗಾದರೆ ಕನ್ನಡದಲ್ಲಿ ಇಲ್ಲವೇ? ಇದೆ. ಹಳ್ಳಿ ಮೇಷ್ಟ್ರುಗಳು ಬರೆದಿದ್ದಾರೆ, ಜಾನಪದದವರು ಬರೆದಿದ್ದಾರೆ. ನಮ್ಮ ಕಾಡುಗೊಲ್ಲರು ಗಣೆ ಊದುತ್ತಾ ಹಾಡುವ ಜುಂಜಪ್ಪನ ಕಾವ್ಯ ಪುಸ್ತಕವಾಗಿದೆ. ವಿಶ್ವವಿದ್ಯಾಲಯಗಳ ಪ್ರಸಾರಾಂಗ, ಪುಸ್ತಕ ಪ್ರಾಧಿಕಾರ ನವೆಂಬರಿನಲ್ಲಿ ರಿಯಾಯಿತಿಯಲ್ಲಿ ಮಾರುತ್ತವೆ. ಕೊಳ್ಳುವವರು ಬೇಕಲ್ಲ!

ಒಬ್ಬ ನಿವೃತ್ತ ಮೇಷ್ಟ್ರು ಏಳೆಂಟು ವರ್ಷದ ಹಿಂದೆ ನನ್ನ ಹತ್ತಿರ ಬಂದರು. ಕೈಯಲ್ಲಿ ನಾಲ್ಕು ನೋಟ್‌ಬುಕ್ಕು. ಸೈಕಲ್ಲಿನಲ್ಲಿ ಊರೂರು ಸುತ್ತಿ ಬರೆದದ್ದು. ಯಾವ ಕೆರೆಯನ್ನು ಯಾರು ಕಟ್ಟಿಸಿದರು, ಯಾವ ಊರ ಮುಂದೆ ವೀರಗಲ್ಲಿದೆ, ಮಿಡಿಗೇಶಿಗೆ ಆ ಹೆಸರು ಹೇಗೆ ಬಂತು, ಕಗ್ಗಲಡುವಿನ ಹುಣಿಸೆ ಮರಗಳಿಗೆ ಬರುವ ಬಣ್ಣದ ಕೊಕ್ಕರೆಗಳನ್ನು ಊರಿನವರು ಹೇಗೆ ಮಕ್ಕಳ ಹಾಗೆ ಕಾಯುತ್ತಾರೆ, ಎಲ್ಲ ಇತ್ತು. ಪೆನ್ಷನ್ ದುಡ್ಡಿನಲ್ಲಿ 500 ಪ್ರತಿ ಹಾಕಿಸಿದರು. ಬಿಡುಗಡೆಯ ದಿನ ವೇದಿಕೆಯ ಮೇಲೆ ಹನ್ನೊಂದು ಜನ ಗಣ್ಯರು, ಹನ್ನೊಂದು ಪ್ರತಿ ಪುಕ್ಕಟೆ. ಕನ್ನಡಕ್ಕಾಗಿ ಪ್ರಾಣ ಕೊಡುತ್ತೇನೆ ಎಂದು ಗುಡುಗಿದ ಮುಖಂಡರೊಬ್ಬರು ಪುಸ್ತಕವನ್ನು ಕುರ್ಚಿಯ ಮೇಲೇ ಬಿಟ್ಟು ಹೋದರು. ಪ್ರಾಣ ಬೇಡ ಸ್ವಾಮಿ, ನೂರಿಪ್ಪತ್ತು ರೂಪಾಯಿ ಸಾಕಾಗಿತ್ತು.

ಅಚ್ಚಿನ ಲೆಕ್ಕ ನಿಮಗೆ ಗೊತ್ತಿರಲಿ. ಪುಸ್ತಕ ಐನೂರು ಹಾಕಿದರೂ ಐದು ಸಾವಿರ ಹಾಕಿದರೂ ಡಿ.ಟಿ.ಪಿ. ಖರ್ಚು ಒಂದೇ, ಪ್ಲೇಟಿನ ಖರ್ಚು ಒಂದೇ, ಕರಡು ತಿದ್ದುವ ಕೂಲಿ ಒಂದೇ. ಹೆಚ್ಚಾಗುವುದು ಕಾಗದ, ಮಸಿ, ಬೈಂಡಿಂಗು. ಐನೂರೇ ಹಾಕಿದರೆ ಆ ಮೊದಲಿನ ಖರ್ಚೆಲ್ಲ ಐನೂರು ಪುಸ್ತಕದ ತಲೆಯ ಮೇಲೆ ಬೀಳುತ್ತದೆ, ಬೆಲೆ ಏರುತ್ತದೆ. ನೀವು ದುಬಾರಿ ಎನ್ನುತ್ತೀರಿ, ಕೊಳ್ಳುವುದಿಲ್ಲ. ಮುಂದಿನವನು ಮುನ್ನೂರೇ ಹಾಕಿಸುತ್ತಾನೆ. ಅವನ ನಂತರದವನು ನೋಟ್‌ಬುಕ್ಕನ್ನು ಅಟ್ಟದ ಮೇಲೆ ಇಡುತ್ತಾನೆ. ಅವನು ಸತ್ತ ಮೇಲೆ ಅದು ತೂಕಕ್ಕೆ ಹೋಗುತ್ತದೆ. ನಿಮ್ಮೊಂದು ಫ್ಲೆಕ್ಸಿನ ದುಡ್ಡಿನಲ್ಲಿ ಇಂಥ ಎಂಟು ಹತ್ತು ಪುಸ್ತಕ ಬರುತ್ತವೆ. ಫ್ಲೆಕ್ಸ್ ಮಾಡಿಸಬೇಡಿ ಎಂದು ನಾನು ಹೇಳುವುದಿಲ್ಲ, ನನ್ನ ಹೊಟ್ಟೆಪಾಡೂ ಅದೇ. ಅಪ್ಪ ಟ್ರೆಡಲ್ ತುಳಿದು, ಒಂದೊಂದೇ ಮೊಳೆ ಜೋಡಿಸಿ ನಡೆಸಿದ ಪ್ರೆಸ್ಸು ಇವತ್ತು ನಿಂತಿರುವುದು ಲಗ್ನಪತ್ರಿಕೆ, ಹುಟ್ಟುಹಬ್ಬದ ಫ್ಲೆಕ್ಸಿನ ಮೇಲೆ. ಆದರೆ ಹತ್ತು ಬ್ಯಾನರಿಗೆ ಒಂದು ಪುಸ್ತಕವಾದರೂ ಕೊಳ್ಳಬೇಡವೇ? ಮುಂದಿನ ರಾಜ್ಯೋತ್ಸವದಲ್ಲಿ ಅತಿಥಿಗೆ ಹಾರ, ಶಾಲು, ಪ್ಲಾಸ್ಟಿಕ್ ಫಲಕ ಕೊಡುವ ಬದಲು ನಿಮ್ಮ ತಾಲ್ಲೂಕಿನ ಚರಿತ್ರೆ ಪುಸ್ತಕ ಕೊಡಿ. ನಿಮ್ಮ ಶಾಖೆಯ ಕಚೇರಿಯಲ್ಲಿ ಒಂದು ಬೀರು ಇಡಿ. ವರ್ಷಕ್ಕೆ ನಾಲ್ಕು ಭಾನುವಾರ, ನಾಲ್ಕು ಊರು. ಪುಸ್ತಕ ಮೊದಲು, ಗಾಡಿ ಆಮೇಲೆ.

ಓದಿ ಹೋದರೆ ಏನು ಸುಖ ಎಂದು ಕೇಳಬೇಡಿ, ಅನುಭವಿಸಿ ನೋಡಿ. ಮೇಷ್ಟ್ರ ಪುಸ್ತಕದ ಕರಡು ತಿದ್ದುವವರೆಗೆ ನಾನೂ ನಮ್ಮೂರ ಪಕ್ಕದ ವೀರಗಲ್ಲಿಗೆ ಬೈಕ್ ಒರಗಿಸಿ ನಿಲ್ಲಿಸುತ್ತಿದ್ದವನೇ. ಆ ಪುಟದ ಮೊಳಕೈ ತಪ್ಪುಗಳನ್ನು ತಿದ್ದುತ್ತಾ ಗೊತ್ತಾಯಿತು, ಅದು ದನ ಬಿಡಿಸಿಕೊಳ್ಳಲು ಹೋಗಿ ಸತ್ತವನ ಕಲ್ಲು ಎಂದು. ಮಾರನೆಯ ದಿನ ಹೋಗಿ ಕೈಯಿಂದ ಮಣ್ಣು ಒರೆಸಿದೆ. ಕೆಳಗಿನ ಸಾಲಿನಲ್ಲಿ ದನಗಳು ಕಂಡವು, ಚಿಕ್ಕ ಚಿಕ್ಕ ಕೊಂಬು. ನಲವತ್ತು ವರ್ಷ ಅದರ ಪಕ್ಕವೇ ಓಡಾಡಿದ್ದೆ.

ಆ ಹುಡುಗರ ಫ್ಲೆಕ್ಸ್ ರೆಡಿಯಾದಾಗ ಅದರೊಳಗೆ ಆ ಪುಸ್ತಕದ ಒಂದು ಪ್ರತಿ ಸುತ್ತಿ ಕಳಿಸಿದೆ, ದುಡ್ಡು ಕೇಳಲಿಲ್ಲ. ಅವರು ಅದನ್ನು ನೋಡಿದರೋ ಇಲ್ಲವೋ. ನನ್ನ ಪ್ರೆಸ್ಸಿನ ಕಟಿಂಗ್ ಮೆಷಿನ್ ಪಕ್ಕ ಇನ್ನೂ ಆರು ಕಟ್ಟು ಇವೆ. ಭಾನುವಾರ ಮಧ್ಯಾಹ್ನದವರೆಗೆ ಬಾಗಿಲು ತೆಗೆದಿರುತ್ತೇನೆ. ಕಾಫಿ ನನ್ನ ಲೆಕ್ಕ.