ಸೈಟಿನ ಖಾತೆ ಯಾರ ಹೆಸರಿನಲ್ಲಿದೆ?

ಕಳೆದ ತಿಂಗಳು ಗಿರಣಿ ಕಾರ್ಮಿಕರ ಸಂಘದ ಸಭೆಯಲ್ಲಿ, ಸಂಘಕ್ಕೆ ತನ್ನದೇ ಆದ ಒಂದು ವೆಬ್‌ಸೈಟು ಬೇಕೆಂಬ ಸಲಹೆಯನ್ನು ನಾವು ಮುಂದಿಟ್ಟೆವು. ಮೂವತ್ತು ವರ್ಷ ಮಗ್ಗದ ಮುಂದೆ ನಿಂತು ದುಡಿದು ನಿವೃತ್ತರಾದ ಹಿರಿಯರೊಬ್ಬರು, "ಎಷ್ಟು ಅಡೀದ್ರೀ ಮೇಷ್ಟ್ರೇ? ತರ್ಟಿ ಫಾರ್ಟಿಯೋ, ಟ್ವೆಂಟಿ ತರ್ಟಿಯೋ?" ಎಂದು ಕೇಳಿದರು. ಸಭೆ ನಕ್ಕಿತು, ನಾವೂ ನಕ್ಕೆವು. ಇದು ನೆಲದ ಮೇಲಿನ ಸೈಟಲ್ಲ, ಫೋನಿನಲ್ಲಿ ನೋಡುವ ಸೈಟು ಎಂದು ವಿವರಿಸಿದ ಮೇಲೆ ಅವರು ಎರಡನೆಯ ಪ್ರಶ್ನೆ ಹಾಕಿದರು: "ಆತ್ರೀ, ಖಾತಿ ಯಾರ ಹೆಸರಿಗಿರ್ತತಿ?"

ಈ ಸಲ ಯಾರೂ ನಗಲಿಲ್ಲ. ಕಾರಣವಿತ್ತು.

ಸಂಘಕ್ಕೆ ಹಿಂದೆಯೂ ಒಂದು ಸೈಟು ಇತ್ತು. ಬಸ್ ನಿಲ್ದಾಣದ ಹಿಂದಿನ ಕಂಪ್ಯೂಟರ್ ಅಂಗಡಿಯೊಂದಕ್ಕೆ ಹಣ ಕೊಟ್ಟು ಮಾಡಿಸಿದ್ದೆವು. ರಸೀದಿ ತಂದು ಫೈಲಿಗೆ ಹಾಕಿದವರು ನಾವೇ. ಆ ಅಂಗಡಿಯ ಹುಡುಗ ಕೆಟ್ಟವನಲ್ಲ. ಕೆಲಸ ಸುಲಭವಾಗಲೆಂದು ಸಂಘದ ವಿಳಾಸವನ್ನು ತನ್ನ ಹೆಸರಿನಲ್ಲಿ, ತನ್ನ ಈಮೇಲಿಗೆ, ತನ್ನ ಫೋನಿಗೆ ನೋಂದಾಯಿಸಿಕೊಂಡಿದ್ದ. ಎರಡು ವರ್ಷದ ಮೇಲೆ ಅಂಗಡಿ ಮುಚ್ಚಿತು, ಹುಡುಗ ಬೆಂಗಳೂರು ಸೇರಿದ, ವಾರ್ಷಿಕ ಬಾಡಿಗೆ ಕಟ್ಟಿರೆಂಬ ನೋಟೀಸುಗಳು ಅವನು ತೆರೆಯದ ಪೆಟ್ಟಿಗೆಗೆ ಹೋಗಿ ಬಿದ್ದವು. ಅವಧಿ ಮುಗಿದ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು. ಯಾರೋ ಕೊಂಡರು. ಇಂದಿಗೂ ಸಂಘದ ಹಳೆಯ ಕರಪತ್ರದ ಮೇಲಿರುವ ವಿಳಾಸವನ್ನು ಒತ್ತಿದರೆ ಇಸ್ಪೀಟು ಜೂಜಿನ ಜಾಹೀರಾತು ತೆರೆದುಕೊಳ್ಳುತ್ತದೆ. ಮಗಳ ಫೋನಿನಲ್ಲಿ ಬೋನಸ್ ಒಪ್ಪಂದದ ಪ್ರತಿ ಹುಡುಕಲು ಹೋದ ಸದಸ್ಯರೊಬ್ಬರು ಮನೆಯವರ ಮುಂದೆ ನಾಚಿಕೊಳ್ಳಬೇಕಾಯಿತು. ತಪ್ಪು ಆ ಹುಡುಗನದಲ್ಲ. ರಸೀದಿ ಓದದೆ ಫೈಲಿಗೆ ಹಾಕಿದವರದು.

ಆದ್ದರಿಂದ ಈ ಸಲ ಮೊದಲಿನಿಂದ ಹೇಳುತ್ತೇವೆ. ನಾವು ಹತ್ತನೆಯ ತರಗತಿಗಿಂತ ಹೆಚ್ಚು ಓದಿದವರಲ್ಲ. ನಮಗೆ ಅರ್ಥವಾದದ್ದು ಗಿರಣಿಯ ಬಂಧುವಿಗೂ, ಕಿರಾಣಿ ಅಂಗಡಿಯ ಮಿತ್ರನಿಗೂ ಅರ್ಥವಾಗಲೇಬೇಕು.

ವೆಬ್‌ಸೈಟು ಎಂಬುದು ಒಂದು ವಸ್ತುವಲ್ಲ, ಮೂರು ವಸ್ತು: ಹೆಸರು, ಯಂತ್ರ, ಕಾಗದಪತ್ರ. ಕಾಗದಪತ್ರವೆಂದರೆ ನೀವು ಬರೆದ ಪುಟಗಳು. ಯಂತ್ರವೆಂದರೆ ಆ ಪುಟಗಳನ್ನು ಇಟ್ಟುಕೊಂಡು, ಕೇಳಿದವರಿಗೆ ಹಗಲೂ ರಾತ್ರಿ ತೆಗೆದುಕೊಡುವ ಕಂಪ್ಯೂಟರು. ಪ್ರತಿಯೊಂದು ಯಂತ್ರಕ್ಕೂ ಒಂದು ಸಂಖ್ಯೆ ಇರುತ್ತದೆ. ಸಂಖ್ಯೆ ಯಾರಿಗೂ ನೆನಪಿರುವುದಿಲ್ಲವಾದ್ದರಿಂದ ಹೆಸರು. ಇಂಥ ಹೆಸರಿಗೆ ಇಂಥ ಸಂಖ್ಯೆ ಎಂದು ಹೇಳುವ ದಫ್ತರವೊಂದು ಜಗತ್ತಿನಾದ್ಯಂತ ಹರಡಿಕೊಂಡಿದೆ. ಅದೇ ಡಿಎನ್‌ಎಸ್. ಈ ಮೂರೂ ಬೇರೆ ಬೇರೆ ಎಂದು ತಿಳಿದವನನ್ನು ಯಾವ ಮಾಲೀಕನೂ ಸುಲಭವಾಗಿ ಕಟ್ಟಿಹಾಕಲಾರ. ಮೂರನ್ನೂ ಒಬ್ಬನೇ ಧಣಿಯ ಕೈಗೆ ಕೊಟ್ಟು ಕುಳಿತವನ ಗತಿ ಬೇರೆ.

ಆ ಗತಿ ಏನೆಂದು ನಮ್ಮ ವರ್ತಕ ಮಿತ್ರರು 2021ರ ಅಕ್ಟೋಬರ್ 4ರಂದು ಕಂಡರು. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಮೂರೂ ಒಂದೇ ಕಂಪನಿಯವು. ಮೂರೂ ಸುಮಾರು ಆರು ಗಂಟೆ ಕಾಲ ಜಗತ್ತಿನಾದ್ಯಂತ ಸ್ತಬ್ಧವಾದವು. ಯಾರೂ ದಾಳಿ ಮಾಡಿರಲಿಲ್ಲ. ಕಂಪನಿಯೇ ತನ್ನ ಜಾಲದ ವ್ಯವಸ್ಥೆಯನ್ನು ಬದಲಿಸಹೊರಟು, ತನ್ನ ಹೆಸರು ಹೇಳುವ ದಫ್ತರಕ್ಕೆ ಹೋಗುವ ದಾರಿಯನ್ನೇ ಕಡಿದುಕೊಂಡಿತ್ತು. ನಮ್ಮಲ್ಲಿ ಆಗ ರಾತ್ರಿ ಒಂಬತ್ತು ದಾಟಿತ್ತು, ಅಂಗಡಿ ಬಾಗಿಲೆಳೆಯುವ ಹೊತ್ತು. ಅದೇ ಬೆಳಿಗ್ಗೆ ಹತ್ತಕ್ಕೆ ಆಗಿದ್ದರೆ, ಆರ್ಡರೆಲ್ಲ ವಾಟ್ಸಾಪಿನಲ್ಲೇ ಹಿಡಿಯುವ ಬೇಕರಿಯವರು ಏನು ಮಾಡಬೇಕಾಗಿತ್ತು?

ಅದು ಆರು ಗಂಟೆಯ ಮಾತು. ಶಾಶ್ವತವಾಗಿ ಒಕ್ಕಲೆಬ್ಬಿಸಿದ್ದೂ ಉಂಟು. 1994ರಲ್ಲಿ ಹುಟ್ಟಿದ ಜಿಯೋಸಿಟೀಸ್ ಎಂಬ ಕಂಪನಿ ಲಕ್ಷಾಂತರ ಜನಕ್ಕೆ ಪುಕ್ಕಟೆ ಪುಟ ಕಟ್ಟಿಕೊಳ್ಳಲು ಜಾಗ ಕೊಟ್ಟಿತ್ತು. 1999ರಲ್ಲಿ ಅದನ್ನು ಯಾಹೂ ಕೊಂಡಿತು. 2009ರಲ್ಲಿ ಅಮೆರಿಕದ ಆ ಓಣಿಗಳನ್ನೆಲ್ಲ ಮುಚ್ಚಿತು. ನಮ್ಮ ದೇಶದ ಯುವಕರು ಮುಗಿಬಿದ್ದು ಸೇರಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ. ಬಾಡಿಗೆ ಕೇಳದ ಮನೆಯ ಒಡೆಯ ಖಾಲಿ ಮಾಡಿ ಎಂದಾಗ ಯಾವ ಕರಾರು ತೋರಿಸುತ್ತೀರಿ?

ಇನ್ನೂ ಒಂದು ಮಾತಿದೆ. 1951ರಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಅಳತೆಯ ಕೊಳಗದ ವಿಷಯವಾಗಿ. ಗೇಣಿ ಅಳೆಯುವ ಕೊಳಗ ಒಡೆಯನದು. ಅದರ ಗಾತ್ರವೂ ಒಡೆಯನದೇ. ಇಂದು ನಿಮ್ಮ ಅಂಗಡಿಯ ಪುಟವನ್ನು ಎರಡು ಸಾವಿರ ಜನ ಮೆಚ್ಚಿದ್ದಾರೆಂದು ಕಂಪನಿಯೇ ಹೇಳುತ್ತದೆ. ನೀವು ಹಾಕಿದ ಸುದ್ದಿಯನ್ನು ಅವರಲ್ಲಿ ಎಷ್ಟು ಜನಕ್ಕೆ ತೋರಿಸಬೇಕೆಂದು ತೀರ್ಮಾನಿಸುವುದೂ ಕಂಪನಿಯೇ. ಹೆಚ್ಚು ಜನಕ್ಕೆ ತೋರಿಸಬೇಕಾದರೆ ಹಣ ಕಟ್ಟಿ ಎನ್ನುವುದೂ ಅದೇ. ಕೊಳಗ ಯಾರ ಮನೆಯಲ್ಲಿದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕೆಲಸಕ್ಕೆ ಬರೋಣ. ಮೊದಲು ಹಣ ಖರ್ಚು ಮಾಡಬೇಡಿ. ಕಂಪ್ಯೂಟರಿನಲ್ಲಿ ಲೆಕ್ಕ ಗೀಚಲು ಬಳಸುವ ನೋಟ್‌ಪ್ಯಾಡ್ ಇದೆಯಲ್ಲ, ಅದೇ ಸಾಕು. ಎಚ್‌ಟಿಎಂಎಲ್ ಎಂಬುದು ಬರಹಕ್ಕೆ ಹಾಕುವ ಗುರುತುಗಳು ಅಷ್ಟೇ: ಇದು ತಲೆಬರಹ, ಇದು ಪ್ಯಾರಾ, ಇದು ಇನ್ನೊಂದು ಪುಟಕ್ಕೆ ಕೊಂಡಿ. ಹತ್ತು ಹನ್ನೆರಡು ಗುರುತು ಕಲಿತರೆ ಒಂದು ಪುಟ ಆಗುತ್ತದೆ. ನಾವು ಎರಡು ಸಂಜೆಯಲ್ಲಿ ಕಲಿತೆವು. ಮೂರನೆಯ ಮಗ್ಗಿ ಕಲಿಸಲು ಮಕ್ಕಳಿಗೆ ನಾವು ಇದಕ್ಕಿಂತ ಹೆಚ್ಚು ದಿನ ತೆಗೆದುಕೊಂಡಿದ್ದೇವೆ. ಆ ಕಡತಕ್ಕೆ ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಎಂದು ಹೆಸರಿಟ್ಟು ಉಳಿಸಿ, ನಿಮ್ಮ ಬ್ರೌಸರಿನಲ್ಲೇ ತೆರೆದು ನೋಡಿ. ಇಂಟರ್‌ನೆಟ್ಟೇ ಇಲ್ಲದೆ ನಿಮ್ಮ ಪುಟ ಕಣ್ಣಮುಂದೆ ನಿಲ್ಲುತ್ತದೆ.

ಇಲ್ಲಿ ನಮ್ಮ ಜಿಲ್ಲೆಯ ಡಿಟಿಪಿ ಅಂಗಡಿಗಳ ಬಗ್ಗೆ ಒಂದು ಎಚ್ಚರಿಕೆ. ಕರಪತ್ರ ಅಚ್ಚು ಹಾಕಿಸಲು ಅವರು ಬಳಸುವ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಸಂಕೇತದ ಮೇಲೆ ಕನ್ನಡದ ಆಕಾರವನ್ನು ಕೂರಿಸಲಾಗಿದೆ. ಕಾಗದದ ಮೇಲೆ ಅದು ಚಂದ. ಅದನ್ನೇ ಸೈಟಿಗೆ ಹಾಕಿದರೆ, ಆ ಫಾಂಟಿಲ್ಲದ ಫೋನಿನಲ್ಲಿ ಅರ್ಥವಿಲ್ಲದ ಗೀಚು ಕಾಣುತ್ತದೆ. ಹುಡುಕುವವರಿಗೆ ನಿಮ್ಮ ಸಂಘದ ಹೆಸರು ಸಿಗುವುದೇ ಇಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಸ್ಥಾನವಿದೆ. ಅದರಲ್ಲೇ ಬರೆಯಿರಿ, ಹಳೆಯದನ್ನು ಪರಿವರ್ತಿಸಿಕೊಡುವ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ. ಪುಟದ ತಲೆಯಲ್ಲಿ ಯುಟಿಎಫ್-8 ಎಂದು ನಮೂದಿಸುವುದನ್ನು ಮರೆಯಬೇಡಿ. ಕರಪತ್ರದ ಫೋಟೋ ತೆಗೆದು ಹಾಕಿಬಿಡುವ ಚಾಳಿಯೂ ಬೇಡ. ಫೋಟೋದೊಳಗಿನ ಅಕ್ಷರಗಳನ್ನು ಕಣ್ಣು ಕಾಣದ ಬಂಧುವಿಗೆ ಓದಿಹೇಳಲು ಫೋನು ತಡವರಿಸುತ್ತದೆ, ಡೇಟಾ ಮಾತ್ರ ದಂಡಿಯಾಗಿ ತಿನ್ನುತ್ತದೆ.

ಪುಟ ಸಿದ್ಧವಾದ ಮೇಲೆ ಹೆಸರು. ಡಾಟ್ ಇನ್ ಎಂದು ಮುಗಿಯುವ ಹೆಸರುಗಳ ದಫ್ತರ ನಿಕ್ಸಿ ಎಂಬ ನಮ್ಮ ದೇಶದ ಸಂಸ್ಥೆಯ ಕೈಯಲ್ಲಿದೆ. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಎಂದು ಮುಗಿಯುವ ಹೆಸರೂ ಉಂಟು. ಮಾರುವವರು ಮಾತ್ರ ಖಾಸಗಿ ರಿಜಿಸ್ಟ್ರಾರ್ ಕಂಪನಿಗಳವರು. ವರ್ಷಕ್ಕೆ ಕೆಲವು ನೂರು ರೂಪಾಯಿ. ಮೊದಲ ವರ್ಷ ಅಗ್ಗ ಎಂದು ದೊಡ್ಡ ಅಕ್ಷರದಲ್ಲಿ ಬರೆದು, ಎರಡನೆಯ ವರ್ಷದ ದರವನ್ನು ಇರುವೆಯ ಸಾಲಿನಂತೆ ಕೆಳಗೆ ಬರೆಯುವವರಿದ್ದಾರೆ. ಇರುವೆಯ ಸಾಲನ್ನೇ ಮೊದಲು ಓದಿ. ನಿಜ ಹೇಳಬೇಕೆಂದರೆ ಹೆಸರು ಯಾರಿಗೂ ಶಾಶ್ವತ ಮಾರಾಟವಲ್ಲ, ಗುತ್ತಿಗೆ. ಒಂದು ಸಲಕ್ಕೆ ಹೆಚ್ಚೆಂದರೆ ಹತ್ತು ವರ್ಷಕ್ಕೆ ಕಟ್ಟಬಹುದು. ಆದರೆ ಕಾಲಕ್ಕೆ ಸರಿಯಾಗಿ ಕಟ್ಟಿದವನನ್ನು ಸುಮ್ಮಸುಮ್ಮನೆ ಎಬ್ಬಿಸಲಾಗದ ಗುತ್ತಿಗೆ ಇದು, ಮತ್ತು ಒಬ್ಬ ರಿಜಿಸ್ಟ್ರಾರ್ ಸರಿಯಿಲ್ಲವೆಂದರೆ ಇನ್ನೊಬ್ಬನ ಬಳಿಗೆ ಹೆಸರನ್ನು ಒಯ್ಯುವ ಹಕ್ಕು ನಿಮ್ಮದು.

ಖಾತೆ ಸಂಘದ ಹೆಸರಿನಲ್ಲಿರಲಿ, ಅಂಗಡಿಯದಾದರೆ ಅಂಗಡಿಯವರ ಹೆಸರಿನಲ್ಲಿರಲಿ; ಮಾಡಿಕೊಡುವವರ ಹೆಸರಿನಲ್ಲಿ ಖಂಡಿತ ಬೇಡ. ನೋಂದಣಿಗೆ ಕೊಡುವ ಈಮೇಲು ಆ ಸೈಟಿನ ಹೆಸರಿನ ಮೇಲೆಯೇ ನಡೆಯುವಂಥದ್ದಾಗಬಾರದು. ಹೆಸರು ನಿಂತರೆ ಈಮೇಲೂ ನಿಲ್ಲುತ್ತದೆ, ನೋಟೀಸು ಬರುವ ದಾರಿಯೇ ಇರುವುದಿಲ್ಲ. ಒಟಿಪಿ ಯಾರ ಫೋನಿಗೆ ಬರುತ್ತದೆ? ಕಾರ್ಯದರ್ಶಿ ಬದಲಾದಾಗ ಲೆಡ್ಜರು, ಬೀಗದಕೈ, ಮೊಹರು ಹಸ್ತಾಂತರ ಮಾಡುತ್ತೀರಿ. ಈ ಪಾಸ್‌ವರ್ಡನ್ನೂ ಆ ಪಟ್ಟಿಗೆ ಸೇರಿಸಿ. ಕಡಿಮೆಯೆಂದರೆ ಇಬ್ಬರು ಪದಾಧಿಕಾರಿಗಳಿಗೆ ಅದು ತಿಳಿದಿರಲಿ. ಒಬ್ಬರೇ ತಿಳಿದವರಾಗಿ ಅವರು ಮುನಿಸಿಕೊಂಡು ಹೊರನಡೆದರೆ ಸಂಘ ಎರಡಾಗುವ ಮೊದಲು ಸೈಟು ಹೋಗಿರುತ್ತದೆ.

ಯಂತ್ರದ ವಿಷಯದಲ್ಲಿ ನಮ್ಮ ತರುಣರಿಗೂ ನಮಗೂ ಜಗಳವಿದೆ. ಒಬ್ಬ ತರುಣ ಮಿತ್ರ, ಹೆಸರು ನಮ್ಮದಾದ ಮೇಲೆ ಯಂತ್ರವೂ ನಮ್ಮ ಕಚೇರಿಯಲ್ಲೇ ಇರಲಿ ಎಂದು ಹಟ ಹಿಡಿದು, ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ಕಚೇರಿಯ ಬೀರುವಿನ ಮೇಲೆ ಕೂರಿಸಿದ. ಅಂಗೈಯಗಲದ ರಾಸ್‌ಬೆರಿ ಪೈ ಎಂಬ ಕಂಪ್ಯೂಟರಿನಲ್ಲೂ ಇದು ಆಗುತ್ತದೆ. ಕಚೇರಿಯೊಳಗೆ ಸೈಟು ಸೊಗಸಾಗಿ ಕಂಡಿತು. ಹೊರಗಿನಿಂದ ಕಾಣಲಿಲ್ಲ. ನಮಗೆ ಸಂಪರ್ಕ ಕೊಟ್ಟವರು ಒಂದೇ ಹೊರಗಿನ ಸಂಖ್ಯೆಯನ್ನು ಅನೇಕ ಮನೆಗಳಿಗೆ ಹಂಚಿರುತ್ತಾರೆ. ವಠಾರಕ್ಕೆಲ್ಲ ಒಂದೇ ಬಾಗಿಲ ಸಂಖ್ಯೆ ಇದ್ದಂತೆ. ಬಂದವರಿಗೆ ನಮ್ಮ ಕೋಣೆ ತಿಳಿಯುವುದು ಹೇಗೆ? ಪ್ರತ್ಯೇಕ ಸಂಖ್ಯೆಗೆ ಪ್ರತ್ಯೇಕ ಹಣ. ಅದನ್ನೂ ಕೊಟ್ಟ ಮೇಲೆ ಬೇಸಿಗೆಯ ಮಧ್ಯಾಹ್ನಗಳಲ್ಲಿ ಕರೆಂಟು ಹೋಗತೊಡಗಿತು. ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ, ಆ ತರುಣನಿಗೆ ಈಗ ಗೊತ್ತಿರುವುದು ಊರಿನ ಯಾವ ಅಂಗಡಿಯವರಿಗೂ ಗೊತ್ತಿಲ್ಲ. ಆದರೆ ಮುಷ್ಕರದ ದಿನ ಸದಸ್ಯರು ಸುದ್ದಿ ನೋಡಬೇಕಾದ ಸೈಟು ಬೀರುವಿನ ಮೇಲಿನ ಲ್ಯಾಪ್‌ಟಾಪನ್ನು ನೆಚ್ಚಿಕೊಳ್ಳುವುದು ನಮಗೆ ಒಪ್ಪಿಗೆಯಿಲ್ಲ.

ಯಂತ್ರವನ್ನು ಬಾಡಿಗೆಗೆ ತೆಗೆದುಕೊಳ್ಳಿ. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುವ ಹೋಸ್ಟಿಂಗ್ ನಿಮ್ಮ ಅಂಗಡಿಗೂ ನಮ್ಮ ಸಂಘಕ್ಕೂ ಧಾರಾಳ. ಬರೀ ಬರಹದ ಪುಟಗಳಾದರೆ ಗಿಟ್‌ಹಬ್ ಮುಂತಾದವರು ಪುಕ್ಕಟೆಯಾಗಿಯೇ ಇಟ್ಟುಕೊಳ್ಳುತ್ತಾರೆ. ಗಿಟ್‌ಹಬ್ 2018ರಿಂದ ಮೈಕ್ರೋಸಾಫ್ಟ್ ಒಡೆತನದಲ್ಲಿದೆ. ಧಣಿಗಳನ್ನು ಬೈದು ಮತ್ತೆ ಧಣಿಯ ಜಗಲಿಗೇ ಹೋದಿರಾ ಎಂದು ಕೇಳುವವರಿಗೆ ನಮ್ಮ ಉತ್ತರವಿಷ್ಟೆ: ಹೆಸರು ನಮ್ಮ ಖಾತೆಯಲ್ಲಿದೆ, ಕಾಗದಪತ್ರದ ಇಡೀ ಪ್ರತಿ ನಮ್ಮ ಕಚೇರಿಯ ಪೆನ್‌ಡ್ರೈವಿನಲ್ಲಿದೆ. ಅವರು ಬಾಗಿಲು ಹಾಕಿದರೆ ಒಂದೆರಡು ದಿನದೊಳಗೆ ಇನ್ನೊಂದು ಯಂತ್ರಕ್ಕೆ ಪ್ರತಿಯನ್ನು ಏರಿಸಿ, ದಫ್ತರದಲ್ಲಿ ಸಂಖ್ಯೆ ಬದಲಿಸುತ್ತೇವೆ. ಗಿರಾಕಿಗೆ ವಿಳಾಸ ಅದೇ.

ಈ ದಾರಿ ಇಷ್ಟು ಅಗ್ಗವಾಗಿರುವುದು ಯಾವ ಸೇಠನ ಕೃಪೆಯಿಂದಲೂ ಅಲ್ಲ. ವೆಬ್ಬನ್ನು ಕಟ್ಟಿದವರು ಸ್ವಿಟ್ಜರ್ಲೆಂಡಿನ ಸೆರ್ನ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಟಿಮ್ ಬರ್ನರ್ಸ್-ಲೀ. ಆ ಸಂಸ್ಥೆ ನಡೆಯುತ್ತಿದ್ದುದು ಯುರೋಪಿನ ಸರ್ಕಾರಗಳ ಹಣದಿಂದ. 1993ರ ಏಪ್ರಿಲ್ 30ರಂದು ಸೆರ್ನ್ ಆ ತಂತ್ರಾಂಶವನ್ನು ಯಾವ ಶುಲ್ಕವೂ ಇಲ್ಲದೆ ಜಗತ್ತಿಗೆ ಬಿಟ್ಟುಕೊಟ್ಟಿತು. ಯಂತ್ರ ನಡೆಸುವ ಲಿನಕ್ಸ್, ಪುಟ ಬಡಿಸುವ ಅಪಾಚೆ ಎರಡೂ ಯಾರು ಬೇಕಾದರೂ ಬಳಸಬಹುದಾದವು. ಸೈಟಿನ ಮುಂದೆ ಬೀಗದ ಗುರುತು ತೋರಿಸುವ ಪ್ರಮಾಣಪತ್ರಕ್ಕೆ ಹಿಂದೆ ವರ್ಷವರ್ಷ ಹಣ ಕೊಡಬೇಕಾಗಿತ್ತು. ಲಾಭಕ್ಕಾಗಿ ನಡೆಯದ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆ 2015ರಿಂದ ಅದನ್ನು ಉಚಿತವಾಗಿ ಕೊಡುತ್ತಿದೆ. ಆ ಬೀಗಕ್ಕೆ ಇಂದಿಗೂ ಸಾವಿರಗಟ್ಟಲೆ ಕೇಳುವವರು ಪೇಟೆಯಲ್ಲಿದ್ದಾರೆ. ಕೊಡಬೇಡಿ.

"ಅಲ್ಲಿಗೆ ಯಾರು ಬರುತ್ತಾರೆ ಮೇಷ್ಟ್ರೇ?" ಎಂದು ಬಟ್ಟೆ ಅಂಗಡಿಯ ಮಿತ್ರರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಮೊದಲಿಗೆ ಹೆಚ್ಚು ಜನ ಬರುವುದಿಲ್ಲ. ವಾಟ್ಸಾಪು ಬಿಟ್ಟುಬಿಡಿ ಎಂದು ನಾವು ಹೇಳುವುದಿಲ್ಲ, ನಾವೂ ಬಿಟ್ಟಿಲ್ಲ. ಸಂತೆಗೆ ಹೋಗಿ ಕೂಗಿ ಕರೆಯಿರಿ, ಸರಕು ಮಾತ್ರ ನಿಮ್ಮ ಮಳಿಗೆಯಲ್ಲಿರಲಿ. ಬಿಲ್ಲಿನ ಮೇಲೆ, ಕೈಚೀಲದ ಮೇಲೆ, ಅಂಗಡಿಯ ಬೋರ್ಡಿನ ಮೇಲೆ ನಿಮ್ಮದೇ ವಿಳಾಸ ಹಾಕಿಸಿ. ಯಾವ ವಾರ ರಜೆ, ಯಾವ ಸರಕಿಗೆ ಏನು ದರ, ಅಂಗಡಿ ಯಾವ ವೃತ್ತದ ಬಳಿ ಎಂಬಿಷ್ಟೇ ಇದ್ದರೂ ಸಾಕು. ಸಂಘದ ಸೈಟಿನಲ್ಲಿ ವೇತನ ಒಪ್ಪಂದಗಳ ಪ್ರತಿಗಳು, ಪಿಎಫ್, ಇಎಸ್‌ಐ ಅರ್ಜಿಗಳನ್ನು ತುಂಬುವ ರೀತಿ, ಗೇಟು ಸಭೆಯ ದಿನ ಇರಬೇಕು. ವಾಟ್ಸಾಪಿನಲ್ಲಿ ಮೊನ್ನೆ ಕಳಿಸಿದ ಒಪ್ಪಂದ ಇಂದು ಹಬ್ಬದ ಶುಭಾಶಯಗಳ ಅಡಿಯಲ್ಲಿ ಹೂತುಹೋಗಿರುತ್ತದೆ.

ಸಭೆ ಠರಾವು ಮಾಡಿದೆ. ಹೊಸ ಹೆಸರು ಸಂಘದ ಹೆಸರಿನಲ್ಲೇ, ಸದ್ಯಕ್ಕೆ ಐದು ವರ್ಷಕ್ಕೆ. ಪಾಸ್‌ವರ್ಡು ಕಾರ್ಯದರ್ಶಿ ಮತ್ತು ಖಜಾಂಚಿಯವರ ಬಳಿ, ಮೊಹರು ಮಾಡಿದ ಒಂದು ಲಕೋಟೆ ತಿಜೋರಿಯಲ್ಲಿ. ಬರುವ ಭಾನುವಾರ ನೋಂದಣಿ ಮಾಡಿಸುತ್ತೇವೆ. ಖಾತೆಯ ಪ್ರಶ್ನೆ ಎತ್ತಿದ ಹಿರಿಯರು ತಾವೂ ಜೊತೆಗೆ ಕೂರುತ್ತೇನೆಂದಿದ್ದಾರೆ. ಈ ಸಲದ ರಸೀದಿಯನ್ನು ನಮ್ಮ ಕೈಗೆ ಕೊಡುವ ಮೊದಲು ಅವರು ತಾವೇ ಓದಿ ನೋಡುತ್ತಾರಂತೆ.